ಹೇಗೂ ಇದ್ದಾಳಲ್ಲ

ಆ ಶಾಲೆಯಲ್ಲಿ ಅವಳಿಗೆ ಬಿದ್ದ ಹೆಸರು ‘ಇದ್ದಾಳಲ್ಲ’. ಇಟ್ಟವರು ಮಕ್ಕಳು. ಮಕ್ಕಳದ್ದೇನೂ ತಪ್ಪಿಲ್ಲ ಬಿಡಿ. ಹೆಡ್ ಮಾಸ್ಟರ ಬಾಯಲ್ಲಿ ಬೆಳಗಿಂದ ಸಂಜೆವರೆಗೆ ಅದೇ ಮಾತು ಕೇಳಿದರೆ ಅವಾದರೂ ಇನ್ನೇನು ಇಟ್ಟಾವು? ಗಂಟೆ ಹೊಡೆಯೋರಿಲ್ಲ ಸಾರ್. ಅವಳು ಹೇಗೂ ಇದ್ದಾಳಲ್ಲ. ಸ್ಟಾಫ್ ರೂಮಿನ ಲೋಟ ಹಾಗೇ ಬಿದ್ದಿವೆ ಸಾರ್. ಅವಳು ಹೇಗೂ ಇದ್ದಾಳಲ್ಲ. ಎಂಟನೇ ಕ್ಲಾಸಿಗೆ ಮೇಷ್ಟ್ರಿಲ್ಲ, ಹುಡುಗರು ಬೆಂಚು ಮುರೀತಾ ಇದ್ದಾರೆ ಸಾರ್. ಅಯ್ಯೋ, ಅದಕ್ಕೇನು ಯೋಚನೆ, ಬಾಗಿಲಲ್ಲಿ ಅವಳನ್ನ ನಿಲ್ಲಿಸಿ, ಹೇಗೂ ಇದ್ದಾಳಲ್ಲ.

ಅವಳು ಅಲ್ಲಿ ಇದ್ದದ್ದು ಇವರ ಎಂಜಲು ಲೋಟ ತೊಳೆಯಲಿಕ್ಕಲ್ಲ. ಮಗಳನ್ನು ಎತ್ತಿ ಇಳಿಸಲಿಕ್ಕೆ. ಮಗಳಿಗೆ ಹುಟ್ಟಿದಾಗಿನಿಂದ ಕಾಲಲ್ಲಿ ಬಲವಿಲ್ಲ. ಅದೊಂದು ಬಿಟ್ಟರೆ ಅವಳಿಗೆ ಯಾವ ಕೊರತೆಯೂ ಇರಲಿಲ್ಲ, ಬಾಯಿಗಂತೂ ಇಲ್ಲವೇ ಇಲ್ಲ. ಐದನೇ ಕ್ಲಾಸಿನವರೆಗೆ ಮನೆ ಪಕ್ಕದ ಸಣ್ಣ ಶಾಲೆಯಲ್ಲಿ ಹೇಗೋ ನಡೆಯಿತು. ಆರನೇ ಕ್ಲಾಸಿಗೆ ಈ ಸರಕಾರಿ ಮಾಧ್ಯಮಿಕ ಶಾಲೆಗೆ ಬಂದಾಗ ಇಲ್ಲೊಬ್ಬ ಆಯಾ ಇದ್ದಳು. ಮುದುಕಿ. ಬಾಯಿ ಬಿಟ್ಟರೆ ಬೈಗುಳ, ಆದರೆ ತೋಳು ಗಟ್ಟಿ. ಹುಡುಗಿಯನ್ನು ಎತ್ತಿಕೊಂಡು ಹಿಂದಿನ ಶೌಚಾಲಯದ ಮೆಟ್ಟಿಲಿಳಿದು, ಕೂರಿಸಿ, ತೊಳೆದು, ತಿರುಗಿ ತಂದು ಬೆಂಚಿನ ಮೇಲೆ ಬಿಡುತ್ತಿದ್ದಳು. ಕೆಲವೇ ತಿಂಗಳಲ್ಲಿ ಅವಳು ನಿವೃತ್ತಿಯಾದಳು. ಒಂದು ಗುಂಪು ಫೋಟೋ ತೆಗೆದರು, ಕಳಿಸಿದರು. ಆ ಜಾಗಕ್ಕೆ ಯಾರೂ ಬರಲಿಲ್ಲ.

“ಹೊಸಬರು ಬರೋವರೆಗೆ ನೀವೇ ಬಂದು ನೋಡ್ಕೊಳ್ಳಿ ಅಮ್ಮ,” ಅಂದರು ಹೆಡ್ ಮಾಸ್ಟರು. “ಇಲ್ಲದಿದ್ರೆ ಮಗೂನ ಇಟ್ಕೊಳ್ಳೋದು ನಮಗೆ ಕಷ್ಟ ಆಗುತ್ತೆ.”

ಕಷ್ಟ ಆಗುತ್ತೆ ಅಂದರೆ ಏನು ಅಂತ ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಗಳನ್ನು ಮನೆಯಲ್ಲಿ ಕೂರಿಸಿ ಅಂತ. ಮೆತ್ತಗೆ ಹೇಳಿದರೆ ಪಾಪ ತಟ್ಟುವುದಿಲ್ಲ ಅಂತ ಈ ಜನ ನಂಬಿದ್ದಾರೆ.

ಅವಳಿಗೆ ಕೆಲಸ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ. ಹೋಟೆಲಿನ ಹಾಸಿಗೆ ಬಟ್ಟೆ, ಆಸ್ಪತ್ರೆಯ ಹೊದಿಕೆ, ಎಲ್ಲಾ ಅಲ್ಲಿಗೇ ಬರುತ್ತವೆ. ಅವಳ ಅಕ್ಕನೂ ಅಲ್ಲೇ. ಹಗಲು ಪಾಳಿಯಲ್ಲಿ ಅಕ್ಕತಂಗಿ ಜೊತೆಗಿದ್ದರು. ಹೆಡ್ ಮಾಸ್ಟರು ಹೀಗಂದ ಮೇಲೆ ಅವಳು ಮೇಸ್ತ್ರಿಯ ಕೈಕಾಲು ಹಿಡಿದು ನಸುಕಿನ ಪಾಳಿಗೆ ಬದಲಾದಳು. ಅದು ಯಾರಿಗೂ ಬೇಡದ ಪಾಳಿ. ಕೂಲಿ ಕಮ್ಮಿ, ನೀರು ತಣ್ಣಗೆ, ಆಸ್ಪತ್ರೆಯ ಬಟ್ಟೆ ಬರುವುದು ಆಗಲೇ. ನೆನೆದ ಹೊದಿಕೆ ಎಳೆದೆಳೆದು ಮೊಣಕೈಯಿಂದ ಕತ್ತಿನವರೆಗೆ ನರ ಸೆಳೆಯುತ್ತಿತ್ತು. ಅದು ಮುಗಿಸಿ ಮನೆಗೆ ಓಡಬೇಕು, ಮಗಳನ್ನು ಬೆನ್ನಿಗೆ ಹಾಕಿಕೊಂಡು ಶಾಲೆಗೆ ನಡೆಯಬೇಕು. ಗಂಡ ಲಾರಿ ಓಡಿಸುವವನು, ವಾರಕ್ಕೊಮ್ಮೆ ಮುಖ ತೋರಿಸಿದರೆ ಹೆಚ್ಚು. ಮಗಳು ಬೆಳೆಯುವ ಹುಡುಗಿ, ಪ್ರತಿ ತಿಂಗಳೂ ತೂಕ ಏರುತ್ತಿತ್ತು. ಬೆಳೆಯಬೇಡ ಅಂತ ತಾಯಿಯಾದವಳು ಹೇಳಲಿಕ್ಕಾಗುತ್ತದೆಯೇ?

ಶಾಲೆಗೆ ಯಾರೋ ಪುಣ್ಯಾತ್ಮರು ಒಂದು ಗಾಲಿಕುರ್ಚಿ ಕೊಟ್ಟಿದ್ದರು. ಕೊಡುವಾಗ ಫೋಟೋ, ಇಸಿದುಕೊಳ್ಳುವಾಗ ಫೋಟೋ. ಆಮೇಲೆ ಅದನ್ನು ಉಗ್ರಾಣದಲ್ಲಿಟ್ಟು ಬೀಗ ಹಾಕಿದರು. ಹೊರಗಿಟ್ಟರೆ ಹಾಳಾಗುತ್ತದಂತೆ. ಮುಂಬಾಗಿಲಿಗೆ ನುಣ್ಣನೆಯ ಇಳಿಜಾರು ಕಟ್ಟಿ, ಎರಡೂ ಕಡೆ ಹಳದಿ ಬಣ್ಣ ಬಳಿದ ಕಂಬಿ ಹಾಕಿದ್ದರು. ಶೌಚಾಲಯ ಹಿಂದುಗಡೆ, ಕಡಿದಾದ ಮೆಟ್ಟಿಲಿನ ಕೆಳಗೆ. ಅಲ್ಲಿ ಕಂಬಿಯೂ ಇಲ್ಲ, ಚಿಲಕವೂ ಇಲ್ಲ, ಒಂದೊಂದು ದಿನ ನೀರೂ ಇಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಫೋಟೋ ತೆಗೆಯುವವನು ಹಿಂದುಗಡೆ ಬರುವುದಿಲ್ಲವಲ್ಲ.

ಇನ್ನು ಮೇಷ್ಟರುಗಳ ಕತೆ. ಎಂಟು ಜನ ಇರಬೇಕಾದ ಕಡೆ ಮೂರು ಜನ. ಅದರಲ್ಲಿ ಒಬ್ಬರು ಹೆಡ್ ಮಾಸ್ಟರು, ಅವರಿಗೆ ಪಾಠ ಮಾಡುವಷ್ಟು ಪುರುಸೊತ್ತಿಲ್ಲ, ಶಾಲೆ ನಡೆಸಬೇಕು. ಗಣಿತದ ಮಿಸ್ಸು ಒಂದು ಕೋಣೆಯಲ್ಲಿ ಲೆಕ್ಕ ಕೊಟ್ಟು ಇನ್ನೊಂದಕ್ಕೆ ಓಡುತ್ತಿದ್ದರು. ತಿರುಗಿ ಬರುವಷ್ಟರಲ್ಲಿ ಬೋರ್ಡಿನ ಮೇಲೆ ಲೆಕ್ಕದ ಬದಲು ಅವರದೇ ಚಿತ್ರ ಇರುತ್ತಿತ್ತು. ಸಮಾಜದ ಮೇಷ್ಟ್ರು ವಿಜ್ಞಾನವನ್ನೂ ಹೇಳುತ್ತಿದ್ದರು, ಹೇಳುತ್ತಿದ್ದರು ಅಂದರೆ ಪುಸ್ತಕ ಓದಿಸುತ್ತಿದ್ದರು. ಆರು ಮತ್ತು ಏಳನೇ ಕ್ಲಾಸನ್ನು ಒಂದೇ ಹಾಲಿನಲ್ಲಿ ಬೆನ್ನಿಗೆ ಬೆನ್ನು ಮಾಡಿ ಕೂರಿಸಿದ್ದರು. ಮಕ್ಕಳ ಮನಸ್ಸಿನ ತೊಂದರೆ ಕೇಳಲಿಕ್ಕೆ ಅಂತ ಒಬ್ಬ ಆಪ್ತ ಸಮಾಲೋಚಕಿಯೂ ಇದ್ದರು, ಊರಿನ ಅಷ್ಟೂ ಶಾಲೆಗೆ ಅವರೊಬ್ಬರೇ. ವರ್ಷಕ್ಕೊಮ್ಮೆ ಬಂದು, ಕಣ್ಣು ಮುಚ್ಚಿ ಸಮುದ್ರ ನೆನೆಸ್ಕೊಳ್ಳಿ ಮಕ್ಕಳೇ ಅಂತಿದ್ದರು. ಒಬ್ಬ ಹುಡುಗ ನಿದ್ದೆ ಹೋದ. ಮಗು ಶಾಂತವಾಗಿದೆ ಅಂತ ಬರೆದುಕೊಂಡು ಹೋದರು.

ಇಷ್ಟೆಲ್ಲಾ ತೂತುಗಳಿಗೆ ಅವಳೊಬ್ಬಳೇ ಬಿರಡೆ. ಮಗಳಿಗೆ ಬೇಕಾದಾಗ ಎತ್ತಲು ಬಂದವಳು ಮೊದಲು ಗಂಟೆ ಹೊಡೆದಳು. ಆಮೇಲೆ ವರಾಂಡ ಗುಡಿಸಿದಳು. ಆಮೇಲೆ ಕಕ್ಕಸು ತೊಳೆದಳು. ಆಮೇಲೆ ಜ್ವರ ಬಂದ ಮಕ್ಕಳನ್ನು ಮನೆಗೆ ಬಿಟ್ಟು ಬಂದಳು, ಮೊದಲ ಸಲ ಮುಟ್ಟಾಗಿ ಅಳುವ ಹುಡುಗಿಯರಿಗೆ ಬಟ್ಟೆ ಹೊಂದಿಸಿದಳು, ಬಡಿದಾಡುವ ಹುಡುಗರ ನಡುವೆ ನಿಂತು ಏಟು ತಿಂದಳು. ಬಗ್ಗಿದವರಿಗೆ ಒಂದು ಗುದ್ದು ಹೆಚ್ಚು ಅಂತ ಸುಮ್ಮನೆ ಹೇಳಿಲ್ಲ ಹಿರಿಯರು.

ಯಾಕೆ ಮಾಡಿದಳು ಅಂದರೆ, ಹೆಡ್ ಮಾಸ್ಟರು ಮೂಗಿಗೆ ತುಪ್ಪ ಸವರಿದ್ದರು.

“ಆಯಾ ಪೋಸ್ಟು ಮಂಜೂರಾಗಿ ಬರಲಿ ಅಮ್ಮ. ನಿಮ್ಮನ್ನ ಬಿಟ್ಟು ಬೇರೆ ಯಾರಿದ್ದಾರೆ ಹೇಳಿ?”

ಅವಳು ನಂಬಿದಳು. ಅಷ್ಟೇ ಅಲ್ಲ, ಒಂದು ಲೆಕ್ಕವನ್ನೂ ಹಾಕಿದಳು. ತಾನು ಎಷ್ಟು ಚೆನ್ನಾಗಿ ಮಾಡುತ್ತೇನೋ ಅಷ್ಟು ಬೇಗ ಇವರಿಗೆ ಆ ಕೆಲಸದ ಬೆಲೆ ಗೊತ್ತಾಗುತ್ತದೆ ಅಂತ. ಆದದ್ದು ತಿರುಗಾಮುರುಗಾ. ಅವಳು ಚೆನ್ನಾಗಿ ಮಾಡಿದಷ್ಟೂ ಅಲ್ಲೊಬ್ಬಳು ಆಯಾ ಇಲ್ಲ ಅನ್ನುವುದೇ ಯಾರ ಕಣ್ಣಿಗೂ ಬೀಳಲಿಲ್ಲ. ವರಾಂಡ ಚೊಕ್ಕ, ಗಂಟೆ ಸರಿಯಾದ ಹೊತ್ತಿಗೆ, ಹುಡುಗಿ ಬೆಂಚಿನ ಮೇಲೆ. ಇನ್ನೇನು ಬೇಕು?

“ನಿನಗೆ ತಲೆ ಕೆಟ್ಟಿದೆ ಕಣೇ,” ಅಂತ ಅಕ್ಕ ಲಾಂಡ್ರಿಯಲ್ಲಿ ಪಾಳಿ ಬದಲಾಗುವಾಗ ಸಿಕ್ಕಾಗಲೆಲ್ಲ ಬೈಯುತ್ತಿದ್ದಳು. “ಬಿಟ್ಟಿ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಅನ್ನೋ ಜನ ಅವರು. ನಾಳೆ ಅವರ ಮನೆ ಪಾತ್ರೆನೂ ತಂದಿಡ್ತಾರೆ ನೋಡು.”

“ಮಗಳು ಓದ್ಬೇಕಲ್ಲಕ್ಕ.”

ಮಗಳು ಓದಲೇಬೇಕಿತ್ತು. ಕಾಲಲ್ಲಿ ಬಲವಿಲ್ಲದ ಹುಡುಗಿಗೆ ಲಾಂಡ್ರಿಯಲ್ಲಿ ಕೆಲಸ ಇಲ್ಲ, ಅಂಗಡಿಯಲ್ಲಿ ಇಲ್ಲ, ಕಟ್ಟಡದಲ್ಲಿ ಇಲ್ಲ. ಓದಿದರೆ ಒಂದು ಮೇಜು ಕುರ್ಚಿಯಾದರೂ ಸಿಕ್ಕೀತು. ಇಲ್ಲದಿದ್ದರೆ ತಾಯಿಯ ತೋಳಲ್ಲಿ ಬಲ ಇರುವವರೆಗೆ ಮಾತ್ರ ಅವಳ ಬಾಳು. ಇದು ಇಬ್ಬರಿಗೂ ಗೊತ್ತಿತ್ತು. ಹುಡುಗಿಗೂ ಗೊತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಹೆಡ್ ಮಾಸ್ಟರನ್ನು ನೋಡಲು ಯಾರೋ ಕಂಟ್ರಾಕ್ಟರು ಬಂದರು. ಚಹಾ ಬೇಕು. ಹೇಗೂ ಇದ್ದಾಳಲ್ಲ. ಅವಳು ಫ್ಲಾಸ್ಕ್ ಹಿಡಿದು ದೊಡ್ಡ ರಸ್ತೆ ದಾಟಿ ಚಹಾದಂಗಡಿಗೆ ಹೋದಳು. ಅಲ್ಲಿ ಗಿರಾಕಿ ಜಾಸ್ತಿ. ಇತ್ತ ಹಾಲಿನಲ್ಲಿ ಮಗಳು ಕೈ ಎತ್ತಿದಳು. ಸಮಾಜದ ಮೇಷ್ಟ್ರು, ನಿಮ್ಮಮ್ಮ ಬರ್ತಾಳೆ ತಡಿ, ಅಂದರು. ಹುಡುಗಿ ಇನ್ನೊಂದು ಸಲ ಕೈ ಎತ್ತಿದಳು. ಪಾಠದ ಮಧ್ಯೆ ತೊಂದರೆ ಕೊಡಬೇಡ ಅಂದರು. ಮೂರನೇ ಸಲ ಅವಳು ಕೈ ಎತ್ತಲಿಲ್ಲ. ಎತ್ತುವುದರಿಂದ ಪ್ರಯೋಜನವೂ ಇರಲಿಲ್ಲ.

ಅವಳು ಚಹಾ ಕೊಟ್ಟು ಲೋಟ ತೊಳೆಯುತ್ತಿದ್ದಾಗ ಒಬ್ಬಳು ಹುಡುಗಿ ಓಡಿ ಬಂದು, “ಮೇಷ್ಟ್ರು ಕರೀತಾರೆ, ಬಕೆಟ್ಟು, ಒರೆಸೋ ಬಟ್ಟೆ ತರ್ಬೇಕಂತೆ,” ಅಂದಳು. ಯಾರೋ ವಾಂತಿ ಮಾಡಿರಬೇಕು ಅಂತ ಅವಳು ಬಕೆಟ್ಟು ತುಂಬಿಸಿಕೊಂಡು ಹೋದಳು. ಮಕ್ಕಳೆಲ್ಲ ಬೆಂಚಿನಿಂದ ಸರಿದು ಗೋಡೆಗೆ ಅಂಟಿ ನಿಂತಿದ್ದರು. ಮೇಷ್ಟ್ರು ಮೂಗಿಗೆ ಕರವಸ್ತ್ರ ಹಿಡಿದಿದ್ದರು. ನಡುವೆ ಒಂದೇ ಬೆಂಚು, ಅದರ ಮೇಲೆ ಮಗಳು, ಬೆಂಚಿನಿಂದ ನೆಲಕ್ಕೆ ಇನ್ನೂ ಹನಿಯುತ್ತಿತ್ತು.

“ಬೇಗ ಒರೆಸಮ್ಮ, ಪೀರಿಯಡ್ ಮುಗೀತಾ ಬಂತು,” ಅಂದರು ಮೇಷ್ಟ್ರು.

ಅವಳು ಮಂಡಿಯೂರಿ ಒರೆಸಿದಳು. ಮೊದಲು ಮಗಳನ್ನು ಎತ್ತಬೇಕಾಗಿತ್ತು. ಅದು ಆಮೇಲೆ ಹೊಳೆಯಿತು, ಆಮೇಲೆ ಬಹಳ ದಿನ ಅದೇ ಕೊರೆಯಿತು. ಆದರೆ ಆ ಗಳಿಗೆಯಲ್ಲಿ ಮೇಷ್ಟ್ರು ಒರೆಸು ಅಂದರು, ಕೈ ಒರೆಸಿತು. ಅಷ್ಟು ಪಳಗಿಸಿದ್ದರು ಅವಳನ್ನು. ಹುಡುಗರು ಕಿಸಕ್ಕೆಂದರು. ಮಗಳು ಅಳಲಿಲ್ಲ. ತಾಯಿಯ ಬಗ್ಗಿದ ಬೆನ್ನನ್ನೇ ನೋಡುತ್ತಾ ಕೂತಿದ್ದಳು.

ಅದಾದ ಮೇಲೆ ಕೆಲವು ವಾರಕ್ಕೆ ಹುಡುಗಿಗೆ ಜ್ವರ ಬಂತು. ಚಳಿ, ನಡುಕ, ಉಚ್ಚೆ ಹೊಯ್ಯುವಾಗ ಉರಿ, ಬಾಯಿ ಬಿಟ್ಟು ಕಿರುಚುವಷ್ಟು ಉರಿ. ಆಸ್ಪತ್ರೆಯ ಡಾಕ್ಟರಮ್ಮ ನಾಲಿಗೆ ನೋಡಿದರು, ಕಣ್ಣು ನೋಡಿದರು, ತಾಯಿಯನ್ನು ಝಾಡಿಸಿದರು.

“ಇಷ್ಟು ದೊಡ್ಡ ಹುಡುಗಿಗೆ ನೀರು ಕುಡಿಸೋಕೂ ಪುರುಸೊತ್ತಿಲ್ವಾ ನಿಮಗೆ? ಹೀಗೇ ಬಿಟ್ರೆ ಕಿಡ್ನಿ ಹೋಗುತ್ತೆ.”

ಆಸ್ಪತ್ರೆಯಿಂದ ಬರುವಾಗ ಬೆನ್ನ ಮೇಲಿದ್ದ ಮಗಳನ್ನು ಕೇಳಿದಳು. “ನೀರಿನ ಬಾಟ್ಲಿ ದಿನಾ ಖಾಲಿ ಆಗೇ ಬರುತ್ತಲ್ಲ ಪುಟ್ಟಿ?”

“ಕಿಟಕಿಯಿಂದ ಚೆಲ್ತೀನಿ.”

“ಯಾಕೆ?”

“ಕುಡಿದ್ರೆ ಹೋಗ್ಬೇಕಾಗುತ್ತೆ. ಹೋಗ್ಬೇಕಾದ್ರೆ ನೀನು ಬೇಕು. ನಿನ್ನ ಅವರು ಎಲ್ಲಿಗಾದ್ರೂ ಕಳಿಸಿರ್ತಾರೆ.” ಆಮೇಲೆ ಕಿವಿಯ ಹತ್ತಿರ ಹೇಳಿದಳು. “ಶಾಲೆ ಬಿಡಿಸ್ಬೇಡ ಆಯ್ತಾ?”

ಅವಳಿಗೆ ಸಿಟ್ಟು ಬಂತು. ತನ್ನ ಮೇಲೇ ಮೊದಲು. ಅದು ಹೆಡ್ ಮಾಸ್ಟರ ಕಡೆ ತಿರುಗಲು ಇನ್ನೂ ಸ್ವಲ್ಪ ದಿನ ಬೇಕಾಯಿತು. ಬಡವರ ಸಿಟ್ಟು ಹಾಗೇ. ಮೊದಲು ಮನೆಯೊಳಗೇ ಸುತ್ತುತ್ತದೆ, ಬೀದಿಗಿಳಿಯಲು ಹೆದರುತ್ತದೆ.

ಅದನ್ನು ಬೀದಿಗಿಳಿಸಿದವರು ಹೆಡ್ ಮಾಸ್ಟರೇ. ಒಂದು ದಿನ ಅವಳನ್ನು ಕೋಣೆಗೆ ಕರೆದರು. ಕರೆದು, ಕುರ್ಚಿ ತೋರಿಸಿ ಕೂತ್ಕೊಳ್ಳಿ ಅಂದರು. ಅಷ್ಟು ದಿನದಲ್ಲಿ ಆ ಕುರ್ಚಿಯನ್ನು ಅವಳು ಒರೆಸಿದ್ದಳೇ ಹೊರತು ಕೂತಿರಲಿಲ್ಲ.

“ನಿಮಗೊಂದು ಸಂತೋಷದ ಸುದ್ದಿ. ದೊಡ್ಡ ಅಧಿಕಾರಿ ಮೇಡಂ ನಮ್ಮ ಶಾಲೆಗೆ ಬರ್ತಾ ಇದ್ದಾರೆ. ‘ತಾಯಂದಿರ ನೆರವು’ ಅಂತ ಹೊಸ ಯೋಜನೆ. ಅದಕ್ಕೆ ನಮ್ಮ ಶಾಲೆನೇ ಮಾದರಿ. ಮಾದರಿ ಅಂದ್ರೆ ನೀವೇ. ನಿಮಗೆ ವೇದಿಕೆ ಮೇಲೆ ಸನ್ಮಾನ.”

ಅವಳಿಗೆ ಕ್ಷಣ ಹೊತ್ತು ಎದೆ ಹಗುರಾಯಿತು. ಪೋಸ್ಟು ಬಂತು ಅಂದುಕೊಂಡಳು.

“ನೀವು ಎರಡು ಮಾತು ಹೇಳ್ಬೇಕು. ನಾನು ಹೇಳಿಕೊಡ್ತೀನಿ. ನಾನು ಇದನ್ನ ಪ್ರೀತಿಯಿಂದ ಮಾಡ್ತೀನಿ, ನನಗೆ ಏನೂ ಬೇಡ, ಈ ಶಾಲೆನೇ ನನ್ನ ಮನೆ. ಎಲ್ಲಿ, ಒಂದು ಸಲ ಹೇಳಿ ನೋಡೋಣ.”

“ಸಾರ್, ಆಯಾ ಪೋಸ್ಟು?”

ಹೆಡ್ ಮಾಸ್ಟರಿಗೆ ಆ ದಿನ ಖುಷಿ ಹೆಚ್ಚಾಗಿತ್ತು. ಖುಷಿಯಲ್ಲಿ ಬಾಯಿ ಜಾರುವವರು ಅವರು. “ಇನ್ನೆಲ್ಲಿ ಪೋಸ್ಟಮ್ಮ? ನಮಗೆ ಅಗತ್ಯ ಇಲ್ಲ ಅಂತ ಆಗಲೇ ಬರೆದು ಕೊಟ್ಟಾಯ್ತಲ್ಲ. ಮೇಲಿನವರಿಗೆ ಬಹಳ ಮೆಚ್ಚುಗೆ ಆಗಿದೆ. ಇನ್ನು ಬೇರೆ ಶಾಲೆಗಳಲ್ಲೂ ಆಯಾ ತಗೊಳ್ಳಲ್ವಂತೆ, ಎಲ್ಲಾ ಕಡೆ ತಾಯಂದಿರೇ ಬಂದು ನೋಡ್ಕೊಳ್ತಾರೆ. ನಿಮ್ಮಿಂದ ಎಷ್ಟು ದೊಡ್ಡ ಕೆಲಸ ಆಯ್ತು ನೋಡಿ.”

ಅವಳು ಎದ್ದಳು. ಕೂತಿದ್ದ ಕುರ್ಚಿಯನ್ನು ಒರೆಸದೆ ಹೊರಗೆ ಬಂದಳು.

ಅಕ್ಕನಿಗೆ ಹೇಳಿದಾಗ ಅಕ್ಕ ಈ ಸಲ ಬೈಯಲಿಲ್ಲ, ಹೆದರಿದಳು. “ಬಡವನ ಕೋಪ ದವಡೆಗೆ ಮೂಲ ಕಣೇ. ನೀನು ಹಾರಾಡಿದ್ರೆ ಅವರಿಗೇನು? ಮಗೂನ ಮನೇಲಿಟ್ಕೋ ಅಂತಾರೆ. ಆಗ?”

“ಈಗೇನು ಮಾಡ್ತಿದ್ದಾರಕ್ಕ? ಶಾಲೇಲಿಟ್ಕೊಂಡೇ ಕೊಲ್ತಿದ್ದಾರೆ.”

ಸಂಜೆ ಮನೆಯಲ್ಲಿ ಮಗಳ ಕಾಲಿಗೆ ಎಣ್ಣೆ ತಿಕ್ಕುತ್ತಾ ಎಲ್ಲಾ ಹೇಳಿದಳು. ಮುಚ್ಚಿಡಲಿಲ್ಲ. ಮಗಳು ಕೇಳಿಸಿಕೊಂಡು, ಅಡುಗೆಗೆ ಉಪ್ಪು ಕಮ್ಮಿ ಅನ್ನುವಷ್ಟೇ ಸಲೀಸಾಗಿ ಅಂದಳು. “ಹಾಗಾದ್ರೆ ಆ ದಿನ ನಾನು ನೀರು ಕುಡೀತೀನಿ. ಬಾಟ್ಲಿ ಪೂರ್ತಿ.”

“ಕುಡಿದು?”

“ನೀನು ಎತ್ಬೇಡ. ಅವರು ಎತ್ತಲಿ.”

“ಅವರು ಎತ್ತದಿದ್ರೆ?”

“ಒದ್ದೆ ಆಗ್ತೀನಿ. ಒಂದು ಸಲ ಆಗಿದ್ದೀನಲ್ಲ, ಸತ್ತೋದ್ನಾ?” ಆಮೇಲೆ ಸ್ವಲ್ಪ ಮೆತ್ತಗೆ ಅಂದಳು. “ನೀನು ಮಾತ್ರ ಬಗ್ಬೇಡಮ್ಮ. ನನಗೆ ಅದನ್ನ ನೋಡೋಕಾಗಲ್ಲ.”

ಆ ದಿನ ಬಂತು. ಅವತ್ತಿಗೆ ಹಾಲಿನ ನಡುವಿನ ಬೆಂಚು ಸರಿಸಿ, ಹೊರಗಿಂದ ಬಾಡಿಗೆ ಕುರ್ಚಿ ತಂದು ಹಾಕಿದ್ದರು. ಗಾಲಿಕುರ್ಚಿ ಉಗ್ರಾಣದಿಂದ ಹೊರಬಂದು, ಅದರ ಮೇಲೆ ಮಗಳು ಕೂತು, ವೇದಿಕೆಯ ಮುಂದೆ ಎಲ್ಲರಿಗೂ ಕಾಣುವ ಹಾಗೆ ನಿಂತಿತ್ತು. ಕುರ್ಚಿ ತುಂಬಿಸಲು ಇತರ ಮಕ್ಕಳ ತಾಯಂದಿರನ್ನೂ ಕರೆಸಿದ್ದರು. ಅಧಿಕಾರಿ ಮೇಡಂ ತಡವಾಗಿ ಬಂದರು. ಮಡಿಕೆ ಮುರಿಯದ ಉಡುಪು, ಹಿಂದೆ ಒಬ್ಬ ಫೋಟೋದವನು. ಮುಂಬಾಗಿಲ ಇಳಿಜಾರಿನ ಮೇಲೆ ನಡೆದು ಬರುವಾಗ, ಎಷ್ಟು ಚೆನ್ನಾಗಿದೆ ಅಂದರಂತೆ. ಚೆನ್ನಾಗಿರುತ್ತದೆ, ಅದರ ಮೇಲೆ ಯಾರಾದರೂ ಓಡಾಡಿದ್ದರೆ ತಾನೆ ಸವೆಯೋದು.

ಮೇಡಂ ಮಾತಾಡಿದರು. ಇಂದಿನ ದಿನಗಳಲ್ಲಿ ಎಲ್ಲದಕ್ಕೂ ಸರಕಾರದ ಕಡೆ ಕೈ ಚಾಚುವುದು ತಪ್ಪು ಅಂದರು. ಮೇಷ್ಟ್ರು ಮೂವರೇ ಇದ್ದರೂ ಮನಸ್ಸಿದ್ದರೆ ಮಾರ್ಗ ಅಂದರು. ಅವರ ಮಕ್ಕಳು ಓದುವ ಶಾಲೆಯಲ್ಲಿ ಎಷ್ಟು ಮೇಷ್ಟ್ರಿದ್ದಾರೆ ಅಂತ ಹೇಳಲಿಲ್ಲ. “ತಾಯಿಯ ಕೈಗಿಂತ ದೊಡ್ಡ ಸಿಬ್ಬಂದಿ ಯಾವುದಿದೆ?” ಅಂದಾಗ ಹೆಡ್ ಮಾಸ್ಟರು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು. ಮುಂದೆ ಕೂತ ಮಗಳು ಬಾಟಲಿ ಎತ್ತಿ ನೀರು ಕುಡಿಯುತ್ತಿದ್ದಳು. ಒಂದು ಗುಟುಕು, ಇನ್ನೊಂದು ಗುಟುಕು. ತಾಯಿ ನೋಡಿದಳು.

ಅವಳನ್ನು ವೇದಿಕೆಗೆ ಕರೆದರು. ಗಾಜಿನ ಚೌಕಟ್ಟಿನ ಒಂದು ಪ್ರಶಸ್ತಿ ಪತ್ರ ಕೊಟ್ಟರು. ಫೋಟೋದವನು ಸ್ವಲ್ಪ ನಗಿ ಅಂದ. ಹೆಡ್ ಮಾಸ್ಟರು ಮೈಕನ್ನು ಅವಳ ಬಾಯಿಗೆ ಹಿಡಿದು, ಪಿಸುಮಾತಲ್ಲಿ, “ಪ್ರೀತಿಯಿಂದ ಮಾಡ್ತೀನಿ,” ಅಂತ ನೆನಪಿಸಿದರು.

ಆಗ ಮಗಳು ಕೈ ಎತ್ತಿದಳು. “ಮೇಡಂ, ನಾನು ಶೌಚಾಲಯಕ್ಕೆ ಹೋಗ್ಬೇಕು.”

ಹಾಲಿನಲ್ಲಿ ಮೆಲ್ಲನೆ ನಗು ಎದ್ದಿತು. ಮೇಡಮ್ಮೂ ನಕ್ಕರು. ಒಳ್ಳೆಯ ಸಮಯಕ್ಕೇ ಬಂತು ಅನ್ನುವ ಹಾಗೆ ಫೋಟೋದವನಿಗೆ ಸನ್ನೆ ಮಾಡಿದರು. “ಹೋಗಮ್ಮ, ಕರ್ಕೊಂಡು ಹೋಗಿ. ಎಲ್ಲರೂ ನೋಡಲಿ.”

ಅವಳು ಮೈಕಿನಲ್ಲೇ ಹೇಳಿದಳು. “ನಾನು ಎತ್ತಲ್ಲ ಮೇಡಂ.”

“ಏನಂದ್ರಿ?”

“ನಾನು ಇಲ್ಲಿಯ ಆಯಾ ಅಲ್ಲ. ಇಷ್ಟು ದಿನ ಎತ್ತಿದೆ, ಅದಕ್ಕೆ ಆಯಾ ಬೇಡ ಅಂತ ಬರೆದುಕೊಟ್ರು. ಆದ್ದರಿಂದ ಇವತ್ತಿಂದ ಎತ್ತಲ್ಲ. ಯಾರು ಬೇಡ ಅಂದರೋ ಅವರು ಎತ್ತಲಿ.”

ಹೆಡ್ ಮಾಸ್ಟರು ಮೈಕು ಕಿತ್ತುಕೊಂಡರು. “ಸ್ವಲ್ಪ ಸುಸ್ತಾಗಿದೆ ಪಾಪ ಅವರಿಗೆ,” ಅಂದರು. ಆಮೇಲೆ ಹಲ್ಲು ಕಚ್ಚಿ, “ಮಾನ ಕಳೀಬೇಡ, ಮೊದಲು ಮಗೂನ ಎತ್ತು,” ಅಂದರು. ಇಷ್ಟು ದಿನದ ‘ಅಮ್ಮ’, ‘ನೀವು’ ಎಲ್ಲಾ ಒಂದೇ ಸಲಕ್ಕೆ ಉದುರಿ ಹೋಯಿತು.

“ಮಾನ ಹೋದಾಗ ನೀವು ಚಹಾ ಕುಡೀತಾ ಇದ್ರಿ ಸಾರ್,” ಅಂದಳು.

“ಅರ್ಜೆಂಟು ಮೇಡಂ,” ಅಂದಳು ಮಗಳು.

ಈಗ ಯಾರೂ ನಗಲಿಲ್ಲ. ಮೇಡಂ ತಮ್ಮ ಡ್ರೈವರನ್ನು ಕೂಗಿದರು. “ಗಂಡಸರು ಬೇಡ,” ಅಂದಳು ಹುಡುಗಿ. ಮೇಡಂ ತಾಯಂದಿರ ಸಾಲಿನ ಕಡೆ ತಿರುಗಿದರು. ತುದಿಯಲ್ಲಿ ತರಕಾರಿ ಮಾರುವ ಹೆಂಗಸೊಬ್ಬಳು ಕೂತಿದ್ದಳು, ಎಂಟನೇ ಕ್ಲಾಸಿನ ಹುಡುಗಿಯ ತಾಯಿ. “ನೀವಾದ್ರೂ ಬನ್ನಮ್ಮ, ನೀವೂ ತಾಯಿ ತಾನೆ?”

ತರಕಾರಿಯವಳು ಎದ್ದಳು. ಅರ್ಧ ಎದ್ದವಳು ವೇದಿಕೆಯ ಮೇಲಿದ್ದವಳ ಮುಖ ನೋಡಿದಳು. ಮತ್ತೆ ಕೂತಳು. “ನಾನು ಬಂದ್ರೆ ನಾಳೆ ನನ್ನನ್ನೂ ಇಲ್ಲೇ ಇಟ್ಕೊಳ್ತೀರಿ ಮೇಡಂ. ನನಗೆ ವ್ಯಾಪಾರ ಇದೆ,” ಅಂದಳು. ಪಕ್ಕದವಳೂ ಏಳಲಿಲ್ಲ. ಅವಳ ಪಕ್ಕದವಳೂ ಏಳಲಿಲ್ಲ.

ಆ ಹೊತ್ತು ವೇದಿಕೆಯ ಮೇಲಿದ್ದವಳ ಪಾಡು ದೇವರಿಗೇ ಪ್ರೀತಿ. ಮಗಳು ಗಾಲಿಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದಳು, ಮುಖ ಬಿಳುಚಿತ್ತು, ತುಟಿ ಕಚ್ಚಿಕೊಂಡಿದ್ದಳು. ತಾಯಿಯ ಕಾಲು ತಾನಾಗಿ ಒಂದು ಹೆಜ್ಜೆ ಮುಂದೆ ಬಂತು. ತೋಳು ತಾನಾಗಿ ಚಾಚಿತು. ಮಗಳು ತಲೆ ಅಲ್ಲಾಡಿಸಿದಳು. ಬೇಡ. ಅವಳು ನಿಂತಳು. ನಿಂತು, ಆ ಪ್ರಶಸ್ತಿಯ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು, ಕೈಗೆ ಏನಾದರೂ ಕೆಲಸ ಬೇಕಾಗಿತ್ತು.

ಕೊನೆಗೆ ಅಧಿಕಾರಿ ಮೇಡಮ್ಮೇ ವೇದಿಕೆ ಇಳಿದರು. ಬೇರೆ ದಾರಿ ಇರಲಿಲ್ಲ, ಅಷ್ಟು ಜನ ನೋಡುತ್ತಿದ್ದರು. ಗಣಿತದ ಮಿಸ್ಸು ಕಾಲು ಹಿಡಿದರು, ಮೇಡಂ ಕಂಕುಳಿಗೆ ಕೈ ಹಾಕಿದರು. ಹೀಗೆ ಇಬ್ಬರೂ ಹುಡುಗಿಯನ್ನು ಮೂಟೆ ಹೊತ್ತಂತೆ ಹೊತ್ತು ಹಿಂಬಾಗಿಲು ದಾಟಿದರು. ಮೆಟ್ಟಿಲ ಹತ್ತಿರ ಮೇಡಂ, ಇದೇನ್ರೀ ಇದು, ಕಂಬಿನೇ ಇಲ್ಲ, ಅಂದದ್ದು ಹಾಲಿನವರೆಗೆ ಕೇಳಿಸಿತು. ಸ್ವಲ್ಪ ಹೊತ್ತಿಗೆ, ನೀರಿಲ್ವಲ್ರೀ, ಅಂದದ್ದೂ ಕೇಳಿಸಿತು. ಫೋಟೋದವನಿಗೆ ಆ ಕಡೆ ಬರಬೇಡ ಅಂದರು.

ವಾಪಸು ಬಂದಾಗ ಮೇಡಂ ಅವರ ಉಡುಪು ಮಂಡಿಯವರೆಗೆ ಒದ್ದೆ. ಏದುಸಿರು. ಜ್ಞಾನೋದಯ ಗಿನೋದಯ ಏನೂ ಆಗಿರಲಿಲ್ಲ, ಅಂಥವರಿಗೆ ಅಷ್ಟು ಸುಲಭಕ್ಕೆ ಆಗುವುದಿಲ್ಲ. ಗಾಲಿಕುರ್ಚಿಯ ಮೇಲೆ ಹುಡುಗಿಯನ್ನು ಬಿಟ್ಟು, ಕೈ ಕೊಡವಿಕೊಂಡು, “ಇಂಥ ಮಕ್ಕಳಿಗೆ ಮನೆಯಲ್ಲೇ ಪಾಠದ ವ್ಯವಸ್ಥೆ ಮಾಡಬಹುದು. ಅದೇ ಒಳ್ಳೇದು,” ಅಂದರು.

“ಮನೇಲಿ ನನಗೆ ಗಣಿತ ಯಾರು ಹೇಳಿಕೊಡ್ತಾರೆ ಮೇಡಂ? ನೀವು ಬರ್ತೀರಾ?” ಅಂದಳು ಹುಡುಗಿ.

ಮೇಡಂ ಹೋಗಿ ಕಾರು ಹತ್ತಿದರು. ಅವಳು ಚೌಕಟ್ಟನ್ನು ಮೇಜಿನ ಮೇಲಿಟ್ಟು ವೇದಿಕೆ ಇಳಿದಳು. ಮಗಳ ತಲೆ ಸವರಿ, ಗೇಟಿನ ಕಡೆ ನಡೆದಳು. ಹೆಡ್ ಮಾಸ್ಟರು ಹಿಂದೆಯೇ ಓಡಿ ಬಂದರು. “ಎಲ್ಲಿಗೆ ಹೋಗ್ತಾ ಇದ್ದೀಯಾ? ಮಗು ಇಲ್ಲೇ ಇದೆ.”

“ಮಕ್ಕಳು ಶಾಲೇಲೇ ತಾನೆ ಸಾರ್ ಇರೋದು. ನಾನು ಕೆಲಸಕ್ಕೆ ಹೋಗ್ತೀನಿ.”

ಲಾಂಡ್ರಿಯಲ್ಲಿ ಮೇಸ್ತ್ರಿ ಅರ್ಧ ಪಾಳಿಗೆ ಸೇರಿಸಿಕೊಂಡ. ಅಕ್ಕ ಏನೂ ಕೇಳದೆ ಹೊದಿಕೆಯ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಸೇರಿ ಹಿಂಡಿದರು. ಹೆದರಿಕೆ ಇತ್ತು, ಇಲ್ಲ ಅಂದರೆ ಸುಳ್ಳು. ಮಗಳು ಎಲ್ಲಿ ಕೂತಿದ್ದಾಳೋ, ಯಾರು ಏನಂದರೋ, ಮತ್ತೆ ಕೈ ಎತ್ತಿ ಕೂತಿದ್ದಾಳೋ. ಹಾಳಾದ್ದು, ಓಡಿ ಹೋಗಿಬಿಡಲೇ ಅಂತ ಎರಡು ಸಲ ಬಾಗಿಲವರೆಗೆ ಬಂದಳು. ಎರಡು ಸಲವೂ ಅಕ್ಕ ತೋಳು ಹಿಡಿದು ನಿಲ್ಲಿಸಿದಳು.

ಸಂಜೆ ಶಾಲೆ ಬಿಡುವ ಹೊತ್ತಿಗೆ ಅವಳು ಎಲ್ಲಾ ತಾಯಂದಿರ ಜೊತೆ ಗೇಟಿನ ಹೊರಗೆ ನಿಂತಳು. ಹಾಗೆ ಹೊರಗೆ ನಿಂತದ್ದು ಅದೇ ಮೊದಲು. ಮಕ್ಕಳೆಲ್ಲ ಹೋದ ಮೇಲೆ ಒಳಗೆ ಹೋದರೆ ಮಗಳು ವರಾಂಡದಲ್ಲಿ ಗಾಲಿಕುರ್ಚಿಯ ಮೇಲೆ ಕೂತಿದ್ದಳು. ಅವಳು ಮೊದಲು ಲಂಗ ಮುಟ್ಟಿ ನೋಡಿದಳು. ಒಣಗಿತ್ತು.

“ಯಾರು ಕರ್ಕೊಂಡು ಹೋದ್ರು?”

“ಹೆಡ್ ಮಾಸ್ಟರ ಹೆಂಡ್ತಿ.”

“ಯಾರು?”

“ಮಧ್ಯಾಹ್ನ ಫೋನ್ ಮಾಡಿ ಮನೆಯಿಂದ ಕರೆಸಿದ್ರು. ಪಾಪ, ಒಲೆ ಮೇಲೆ ಏನೋ ಇಟ್ಟು ಬಂದಿದ್ರಂತೆ. ನನ್ನ ಎತ್ಕೊಂಡು ಹೋಗಿ, ತಂದು ಕೂರಿಸಿ, ಸೊಂಟ ಹಿಡ್ಕೊಂಡು ಸೀದಾ ಆಫೀಸಿಗೆ ಹೋದ್ರು. ಸಂಬಳ ಕೊಟ್ಟು ಯಾರನ್ನಾದ್ರೂ ಇಟ್ಕೊಳ್ಳಿ, ನಾಳೆ ನಾನು ಬರಲ್ಲ ಅಂದ್ರು. ನೀನು ಮನೇಲಿ ಸುಮ್ಮನೆ ತಾನೆ ಕೂತಿರೋದು ಅಂದ್ರು ಹೆಡ್ ಮಾಸ್ಟರು.”

“ಅದಕ್ಕೆ?”

“ಹಾಗಾದ್ರೆ ನಾಳೆಯಿಂದ ಅಡುಗೆನೂ ನೀವೇ ಮಾಡ್ಕೊಳ್ಳಿ ಅಂದ್ರು. ಇಡೀ ಶಾಲೆಗೆ ಕೇಳಿಸ್ತು.”

ಅವಳಿಗೆ ನಗು ತಡೆಯಲಾಗಲಿಲ್ಲ. ಎಷ್ಟೋ ದಿನದ ಮೇಲೆ ಆ ವರಾಂಡದಲ್ಲಿ ನಿಂತು ನಕ್ಕಳು. ನಗುತ್ತಲೇ ಮಗಳನ್ನು ಬೆನ್ನಿಗೆ ಹಾಕಿಕೊಳ್ಳುವಾಗ ಹೆಡ್ ಮಾಸ್ಟರು ಕೋಣೆಯಿಂದ ಹೊರಗೆ ಬಂದರು. ಮುಖ ಇಂಗು ತಿಂದ ಮಂಗನ ಹಾಗಾಗಿತ್ತು. ಮತ್ತೆ ‘ನೀವು’ ಬಂದಿತ್ತು.

“ನೋಡಿ ಅಮ್ಮ, ಹೀಗಾದ್ರೆ ಮಗೂನ ಇಟ್ಕೊಳ್ಳೋದು ನಮಗೆ ಬಹಳ ಕಷ್ಟ ಆಗುತ್ತೆ.”

“ಆಗಲಿ ಸಾರ್,” ಅಂದಳು. “ಇಷ್ಟು ದಿನ ನಮಗಾಯ್ತಲ್ಲ. ನಾಳೆ ಬೆಳಿಗ್ಗೆ ತಂದು ಬಿಡ್ತೀನಿ. ಎತ್ತೋರನ್ನ ನೋಡಿಟ್ಕೊಳ್ಳಿ.”